ಎಮೆಟ್ ಬೆರಳೆತ್ತಲಿಲ್ಲ

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಬ್ರಾನಿಕ್ ಊರಿನವರು ಹೇಳಿಕೇಳಿ ಸೈರಣೆಯ ಜನ. ಕುಡಿದು ಚರ್ಚಿನ ಮೆಟ್ಟಿಲ ಮೇಲೆ ಮಲಗಿದವನನ್ನು ಅವರು ಕ್ಷಮಿಸಿದ್ದಾರೆ. ಪಕ್ಕದ ಊರಿನ ಫುಟ್‌ಬಾಲ್ ತಂಡಕ್ಕೆ ಚಪ್ಪಾಳೆ ತಟ್ಟಿದ ಅಳಿಯನನ್ನೂ, ಸ್ವಲ್ಪ ಕಾಲ ಬಿಟ್ಟು, ಊಟಕ್ಕೆ ಕರೆದಿದ್ದಾರೆ. ಆದರೆ ಎದುರು ಗಾಡಿಗೆ ಬೆರಳೆತ್ತದವನನ್ನು ಕ್ಷಮಿಸಿದ ದಾಖಲೆ ಆ ಊರಿನಲ್ಲಿಲ್ಲ. ಮೆಕ್ಕೆಜೋಳದ ಹೊಲಗಳ ನಡುವಿನ ರಸ್ತೆಯಲ್ಲಿ ಎದುರಿಗೆ ಯಾರದೇ ಗಾಡಿ ಬರಲಿ, ಸ್ಟೇರಿಂಗ್ ಹಿಡಿದ ಕೈಯ ತೋರುಬೆರಳನ್ನು ಒಂದಿಷ್ಟು ಮೇಲೆತ್ತಬೇಕು. ಕೈಯನ್ನೇ ಬೀಸಿದರೆ ಅತಿಯಾಯಿತು, ಅಂಥವನು ಓಟು ಕೇಳಲು ಬಂದವನು. ಬೆರಳನ್ನೂ ಎತ್ತದಿದ್ದರೆ ಅವನು ಒಂದೋ ಸತ್ತಿರಬೇಕು, ಇಲ್ಲವೇ ದೊಡ್ಡ ಪಟ್ಟಣ ಒಮಾಹಾದವನಾಗಿರಬೇಕು.

ಎಮೆಟ್ ವಾವ್ರಾ ಸತ್ತಿರಲಿಲ್ಲ, ಒಮಾಹಾದವನೂ ಅಲ್ಲ. ಇದೇ ಊರಿನಲ್ಲಿ ಹುಟ್ಟಿ ಬೆಳೆದು, ಲಿಂಕನ್ ನಗರದಲ್ಲಿ ಪದವಿಯ ಮೂರನೇ ವರ್ಷ ಮುಗಿಸಿ ಬೇಸಿಗೆ ರಜೆಗೆ ಮನೆಗೆ ಬಂದಿದ್ದ ಹುಡುಗ. ಬಂದವನೇ ಅಡುಗೆಮನೆಯ ಬಾಗಿಲಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, "ಅಮ್ಮಾ, ನಾನು ಕಣ್ಣಿನ ಡಾಕ್ಟ್ರಾಗ್ತೀನಿ" ಎಂದು ಘೋಷಿಸಿದ. ಹಿಂದಿನ ವರ್ಷ ದನದ ಡಾಕ್ಟರಾಗುತ್ತೇನೆ ಎಂದಿದ್ದ. ಹಸು ಕರು ಹಾಕುವುದನ್ನು ನೋಡಲು ಹೋಗಿ, ಕರುವಿಗಿಂತ ಮೊದಲು ಇವನೇ ನೆಲಕ್ಕೆ ಬಿದ್ದದ್ದರಿಂದ ಆ ಮಾತು ಅಲ್ಲಿಗೇ ನಿಂತಿತ್ತು.

"ಕಣ್ಣಲ್ಲಿ ರಕ್ತ ಬರಲ್ವಾ?" ಎಂದು ತಾಯಿ ಡೋರೀನ್ ಕೇಳಿದಳು. ಶಾಲೆಯ ಊಟದ ಕೋಣೆಯಲ್ಲಿ ಬಡಿಸುವ ಕೆಲಸ ಅವಳದು. ಎಲ್ಲವನ್ನೂ ಮೊದಲೇ ಕೇಳಿ ತಿಳಿದುಕೊಳ್ಳುವ ಹೆಂಗಸು.

"ಆಪ್ಟೊಮೆಟ್ರಿಲಿ ಬರಲ್ಲಮ್ಮಾ. ಬರೀ ಕನ್ನಡಕ."

ಡೋರೀನ್‌ಗೆ ಅಷ್ಟು ಸಾಕಾಯಿತು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿತು.

ಅದಕ್ಕಾಗಿ ಎಮೆಟ್ ಪಟ್ಟ ಪಾಡನ್ನು ಅಲ್ಲಗಳೆಯುವಂತಿಲ್ಲ. ಬೆಳಕು ಮಸೂರದೊಳಗೆ ಎಲ್ಲಿ ಬಾಗುತ್ತದೆ, ಎಲ್ಲಿ ಕೂಡುತ್ತದೆ ಎಂದು ಚಳಿಗಾಲವೆಲ್ಲ ಗೆರೆ ಎಳೆದು ಕೂತಿದ್ದ. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೇ ತೆಗೆದ. ಸಮೀಪದೃಷ್ಟಿಯ ಲಕ್ಷಣಗಳನ್ನು ಯಾವಾಗ ಕೇಳಿದರೂ ಒಂದೂ ಬಿಡದೆ ಒಪ್ಪಿಸುತ್ತಿದ್ದ. ಇನ್ನು ಉಳಿದದ್ದು ಒಂದೇ ಒಂದು. ಕಾಲೇಜಿನವರು ಅರ್ಜಿಯ ಜೊತೆಗೆ ಕಣ್ಣಿನ ಡಾಕ್ಟರೊಬ್ಬರ ಶಿಫಾರಸು ಕೇಳುತ್ತಾರೆ. ಈ ಹುಡುಗ ನನ್ನ ಹಿಂದೆ ನೆರಳಿನಂತೆ ನಿಂತು ಕೆಲಸ ನೋಡಿದ್ದಾನೆ, ಇವನ ಕೈಗೆ ಜನರ ಕಣ್ಣು ಕೊಡಬಹುದು ಎಂದು ಅವರು ಬರೆಯಬೇಕು. ಬ್ರಾನಿಕ್‌ನಲ್ಲಿದ್ದ ಕಣ್ಣಿನ ಡಾಕ್ಟರು ಒಬ್ಬರೇ, ಲೊರೆಟ್ಟಾ ಹೂಬರ್. ಅವರು ಬರೆದರೆ ಕಾಲೇಜು ಉಂಟು, ಬರೆಯದಿದ್ದರೆ ಎಮೆಟ್ ಮತ್ತೆ ಹಸುವಿನ ಹಿಂದೆ ಹೋಗಬೇಕು.

ಹೀಗಾಗಿ ಅವನು ದಿನಾ ಟೈ ಕಟ್ಟಿಕೊಂಡು, ತಾಯಿಯ ಹಳೆಯ ಪಿಕಪ್ ಓಡಿಸಿಕೊಂಡು, ಡಾಕ್ಟರ ಕತ್ತಲೆ ಕೋಣೆಗೆ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕೂರತೊಡಗಿದ. ಆ ಟೈ ಬೇಕಿರಲಿಲ್ಲ. ಡಾಕ್ಟರೇ ಚಪ್ಪಲಿಯಲ್ಲಿ ಬರುತ್ತಿದ್ದರು. ಆದರೆ ಡಾಕ್ಟರಾಗುವವನು ಮೊದಲು ಡಾಕ್ಟರಂತೆ ಕಾಣಬೇಕು ಎಂಬುದು ಎಮೆಟ್‌ನ ಸಿದ್ಧಾಂತ.

ಇದು ಶುರುವಾಗಿ ಒಂದು ವಾರಕ್ಕೆ ಪಕ್ಕದ ಮನೆಯ ಮಿಲೋ ಸ್ಟಾಂಗ್ಲ್ ಬೇಲಿಯ ಹತ್ತಿರ ಬಂದು ನಿಂತ. ಹೊಲ ಮಗನಿಗೆ ಬಿಟ್ಟುಕೊಟ್ಟು, ಊರಿನ ನಡತೆಯ ಮೇಲೆ ಕಣ್ಣಿಡುವ ಕೆಲಸವನ್ನು ತಾನೇ ಹಚ್ಚಿಕೊಂಡಿದ್ದ ಮುದುಕ.

"ಡೋರೀನ್, ನಿನ್ ಮಗ ಡಾಕ್ಟ್ರಾಗೋಕೆ ಇನ್ನೂ ಎಷ್ಟು ವರ್ಷ ಬೇಕು?"

"ಸೀಟು ಸಿಕ್ಕಿದ್ಮೇಲೆ ನಾಲ್ಕು ವರ್ಷ. ಯಾಕೆ ಮಿಲೋ?"

"ಏನಿಲ್ಲ, ಜಂಭ ಮಾತ್ರ ಈಗ್ಲೇ ಬಂದ್ಬಿಟ್ಟಿದೆಯಲ್ಲ ಅಂತ ಕೇಳ್ದೆ."

"ಯಾರಿಗೆ, ನಮ್ಮ ಎಮೆಟ್‌ಗಾ?"

"ಇನ್ಯಾರಿಗೆ? ನಿನ್ನೆ ಸೇತುವೆ ಹತ್ರ ಎದುರಿಗೆ ಬಂದ. ಬೆರಳೆತ್ತಿದೆ. ಅವನು ಕಣ್ಣು ಇಷ್ಟೇ ಇಷ್ಟು ಮಾಡಿ, ಕೊಳೆತ ಟೊಮೆಟೊ ನೋಡ್ದಂಗೆ ನನ್ನ ನೋಡಿ, ಹಾಗೇ ಹೋದ. ಅವನನ್ನ ಎತ್ತಿ ಆಡ್ಸಿದೀನಿ ಡೋರೀನ್ ನಾನು! ನನ್ನ ಅಂಗಿ ಮೇಲೆ ಕಕ್ಕಿದಾನೆ ಅವನು!"

ಬೆರಳಿನ ವಿಷಯದಲ್ಲಿ ಮಿಲೋಗೆ ಊರಿನಲ್ಲಿ ಒಂದು ಅಧಿಕಾರವಿತ್ತು. ಅವನ ಸ್ವಂತ ತಂಗಿ, ಬೇಕರಿಯ ಆಗ್ನೆಸ್, ತಾಯಿ ಸತ್ತ ವರ್ಷದಿಂದ ಅವನಿಗೆ ಬೆರಳೆತ್ತಿರಲಿಲ್ಲ. ತಾಯಿಯ ಲಟ್ಟಣಿಗೆ ಯಾರಿಗೆ ಸೇರಬೇಕು ಎಂಬಲ್ಲಿ ಶುರುವಾದ ಮಾತು, ಮಾತೇ ಇಲ್ಲದಲ್ಲಿಗೆ ಬಂದು ನಿಂತಿತ್ತು. ಮಿಲೋ ಮಾತ್ರ ಅವಳ ಗಾಡಿ ಕಂಡಾಗಲೆಲ್ಲ ಬೆರಳೆತ್ತುತ್ತಲೇ ಇದ್ದ. ಅವಳು ಎದುರಿನ ಆಕಾಶ ನೋಡಿಕೊಂಡು ಹೋಗುತ್ತಿದ್ದಳು. ಅಂಥ ಪೆಟ್ಟು ತಿಂದವನ ದೂರನ್ನು ಯಾರೂ ತಳ್ಳಿಹಾಕುವಂತಿರಲಿಲ್ಲ.

ಡೋರೀನ್ ಆ ರಾತ್ರಿ ಊಟದ ತಟ್ಟೆ ಮಗನ ಮುಂದೆ ಇಡಲಿಲ್ಲ, ಕುಕ್ಕಿದಳು.

"ಮಿಲೋಗೆ ಯಾಕೋ ಬೆರಳೆತ್ತಲಿಲ್ಲ? ಪಾದ್ರಿಗೂ ಎತ್ತಿಲ್ವಂತೆ. ಗ್ರಂಥಾಲಯದ ಹೆಂಗಸಿಗೂ ಎತ್ತಿಲ್ವಂತೆ!"

"ಅಮ್ಮಾ, ದೇವರಾಣೆ, ನಾನು ಅವರು ಯಾರನ್ನೂ ನೋಡೇ ಇಲ್ಲ!"

"ಅದೇ ಕಣೋ ಅವರ ದೂರು!"

ಎಮೆಟ್‌ಗೆ ನಿಜಕ್ಕೂ ದಿಗಿಲಾಯಿತು. ಈ ಮಾತು ಡಾಕ್ಟರ ಕಿವಿಗೆ ಬಿದ್ದರೆ ಶಿಫಾರಸಿನ ಗತಿ ಏನು? ಮಾರನೆಯ ದಿನದಿಂದಲೇ ಅವನು ಪ್ರಾಯಶ್ಚಿತ್ತಕ್ಕೆ ಇಳಿದ. ಬೆರಳು ಸಾಲದೆಂದು ಇಡೀ ಕೈಯನ್ನೇ ಕಿಟಕಿಯಿಂದ ಹೊರಹಾಕಿ ಬೀಸಿದ. ಎದುರಿಗೆ ಬಂದ ಗಾಡಿಗಳಿಗೆ ಬೀಸಿದ, ನಿಂತ ಟ್ರ್ಯಾಕ್ಟರುಗಳಿಗೆ ಬೀಸಿದ, ಹೊಲದ ಬೆದರುಬೊಂಬೆಗೆ "ಗುಡ್ ಮಾರ್ನಿಂಗ್" ಹೇಳಿ ಅದು ಉತ್ತರಿಸದಿದ್ದಾಗ ಇನ್ನೂ ಸಿಟ್ಟು ಹೋಗಿಲ್ಲವೆಂದು ಬೇಸರಪಟ್ಟ. ಮಿಲೋನ ಮನೆಯ ಮುಂದೆ ಗಾಡಿ ನಿಲ್ಲಿಸಿ, ತಂತಿಯ ಮೇಲೆ ಒಣಹಾಕಿದ್ದ ಅವನ ಮೇಲಂಗಿಯ ಹತ್ತಿರ ಕ್ಷಮೆ ಕೇಳಿದ. ಇದನ್ನು ಮಿಲೋ ಅಡುಗೆಮನೆಯ ಕಿಟಕಿಯಿಂದ ಪೂರ್ತಿ ನೋಡಿದ.

"ಈಗ ಗೇಲಿ ಬೇರೆ ಮಾಡ್ತಾನೆ," ಎಂದು ಊರಿಗೆಲ್ಲ ಹೇಳಿದ. "ನಾನೂ ನನ್ನ ಅಂಗೀನೂ ಅವನಿಗೆ ಒಂದೇ ಅಂತೆ."

ಬೇಸಿಗೆ ಮುಗಿಯುತ್ತ ಬಂದಾಗ ಒಂದು ಬುಧವಾರ ನಡೆದ ಘಟನೆ ಇದೆಲ್ಲವನ್ನೂ ಮೀರಿಸಿತು. ಸ್ಮಶಾನದ ರಸ್ತೆಯಲ್ಲಿ ಎಮೆಟ್‌ಗೆ ಎದುರಾಗಿ ಗಾಡಿಗಳ ಒಂದು ದೊಡ್ಡ ಸಾಲು ಬಂತು. ಎಲ್ಲವೂ ನಿಧಾನಕ್ಕೆ, ದೀಪ ಹಾಕಿಕೊಂಡು ಬರುತ್ತಿದ್ದವು. ಇಂಥ ಸಾಲು ಕಂಡರೆ ಬ್ರಾನಿಕ್‌ನಲ್ಲಿ ಎಂಥ ಅವಸರದವನೂ ಗಾಡಿ ಬದಿಗೆ ಹಾಕಿ ಟೋಪಿ ತೆಗೆಯುತ್ತಾನೆ. ಎಮೆಟ್‌ಗೆ ಕಂಡದ್ದು ಇಷ್ಟೇ: ಊರಿಗೆ ಊರೇ ಒಟ್ಟಿಗೆ ಬರುತ್ತಿದೆ, ಒಬ್ಬೊಬ್ಬರನ್ನೂ ಮಾತಾಡಿಸಿ ಹೆಸರು ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಮುಂದಿನ ಉದ್ದನೆಯ ಗಾಡಿಗೆ ಹಾರ್ನ್ ಹೊಡೆದ. ಸೊಂಟದವರೆಗೆ ಕಿಟಕಿಯಿಂದ ಹೊರಬಂದು, ಹಲ್ಲು ಬಿಟ್ಟು, ಸಾಲಿನ ಕೊನೆಯ ಗಾಡಿಯವರೆಗೂ ಒಂದನ್ನೂ ಬಿಡದೆ ಕೈ ಬೀಸಿದ.

ಸಾಲಿನ ಹಿಂದಿದ್ದ ಪೊಲೀಸ್ ಡೆಪ್ಯುಟಿ ಗಸ್ ಕೊಪೆಕಿ ಗಾಡಿ ತಿರುಗಿಸಿಕೊಂಡು ಬಂದು ಅವನನ್ನು ನಿಲ್ಲಿಸಿದ.

"ಕುಡಿದಿದ್ದೀಯೇನೋ?"

"ಇಲ್ಲ ಗಸ್."

"ಮತ್ತೆ ಹೆಣಕ್ಕೆ ಯಾಕೋ ಟಾಟಾ ಮಾಡ್ದೆ?"

"ಹೆಣವಾ? ಯಾರ ಹೆಣ?"

"ವೆನ್ಸಲ್ ಅಜ್ಜಂದು."

"ಅಯ್ಯಯ್ಯೋ! ಅಜ್ಜ ಹೋದ್ರಾ?"

"ಹೋಗ್ತಾ ಇದ್ರು. ನೀನು ಅಡ್ಡ ಬಂದೆ."

ಗಸ್ ಬೈದು ಬಿಟ್ಟುಕಳಿಸಿದ. ಅಜ್ಜನ ಹೆಂಡತಿ ಮಾತ್ರ, "ಆ ಮನುಷ್ಯನ್ನ ಒಬ್ಬನಾದ್ರೂ ನಗ್ತಾ ಕಳ್ಸಿಕೊಟ್ನಲ್ಲ" ಎಂದು ಸಮಾಧಾನಪಟ್ಟಳಂತೆ. ಉಳಿದವರಿಗೆ ಅಷ್ಟು ದೊಡ್ಡ ಮನಸ್ಸಿರಲಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ಹೂಳಿ ಬಂದು ಊಟಕ್ಕೆ ಕೂತವರು ಆಲೂಗೆಡ್ಡೆ ಮುಗಿಯುವ ಮೊದಲೇ ಎಮೆಟ್‌ನನ್ನು ಮುಗಿಸಿದರು. ಅಲ್ಲಿ ಡಾಕ್ಟರ್ ಹೂಬರ್ ಕೂಡ ಕೂತಿದ್ದರು.

ಮರುದಿನ ಬೆಳಿಗ್ಗೆ ಡಾಕ್ಟರು ಅವನಿಗೆ ಸ್ಟೂಲು ಕೊಡಲಿಲ್ಲ.

"ಎಮೆಟ್, ಶನಿವಾರ ನಿನ್ನ ಪತ್ರಕ್ಕೆ ಕೊನೇ ದಿನ ಅಲ್ವಾ?"

"ಹೌದು ಡಾಕ್ಟ್ರೇ."

"ನಾನು ಬರಿಯಲ್ಲಪ್ಪ. ಜನರ ಮೇಲೆ ಕಾಳಜಿ ಇದೆಯಾ ಅಂತ ಅವರು ಕೇಳ್ತಾರೆ. ಸತ್ತವರಿಗೆ ಹಾರ್ನ್ ಹೊಡೀತಾನೆ ಅಂತ ಬರೀಲಾ?"

"ಅದು ಹೆಣದ ಗಾಡಿ ಅಂತ ಗೊತ್ತಾಗ್ಲಿಲ್ಲ ಡಾಕ್ಟ್ರೇ! ಉದ್ದಕ್ಕೆ, ಕಪ್ಪಗೆ ಏನೋ ಬರ್ತಿತ್ತು, ಅಷ್ಟೇ. ಯಾರದೋ ಮದುವೆ ಅನ್ಕೊಂಡೆ!"

"ಎಷ್ಟು ದೂರ ಇತ್ತು?"

"ಎಲ್ಲಿ ದೂರ? ಈ ಕೋಣೆಯಷ್ಟು."

ಡಾಕ್ಟರು ರೋಗಿಗಳ ಕುರ್ಚಿ ತೋರಿಸಿ, "ಕೂತ್ಕೋ" ಎಂದರು.

"ನನ್ನ ಕಣ್ಣಿಗೇನಾಗಿದೆ? ವಾವ್ರಾ ವಂಶದಲ್ಲೇ ಯಾರೂ ಕನ್ನಡಕ ಹಾಕಿದವರಿಲ್ಲ," ಎನ್ನುತ್ತಲೇ ಎಮೆಟ್ ಕೂತ. ಎದುರಿನ ಗೋಡೆಯ ಕಡೆ ಕಣ್ಣು ಕಿರಿದು ಮಾಡಿದ. ಇದೊಂದರಲ್ಲಾದರೂ ಡಾಕ್ಟರ ಮನಸ್ಸು ಗೆಲ್ಲೋಣವೆಂದು, ಒಂದು ಕಣ್ಣನ್ನು ತಾನೇ ಮುಚ್ಚಿಕೊಂಡು, ದೊಡ್ಡ ಅಕ್ಷರದಿಂದ ಹಿಡಿದು ಕಟ್ಟಕಡೆಯ ಇರುವೆಯಂಥ ಸಾಲಿನವರೆಗೆ ಉಸಿರು ಬಿಡದೆ ಓದಿ ಮುಗಿಸಿದ. ಒಂದು ತಪ್ಪೂ ಇರಲಿಲ್ಲ. ಇನ್ನೊಂದು ಕಣ್ಣು ಮುಚ್ಚಿ ಮತ್ತೆ ಓದಿದ. ಆಗಲೂ ಒಂದು ತಪ್ಪೂ ಇರಲಿಲ್ಲ.

"ನೋಡಿದ್ರಾ?" ಎಂದ.

"ನೋಡ್ದೆ," ಎಂದರು ಡಾಕ್ಟರು. "ಎಮೆಟ್, ನಾನಿನ್ನೂ ದೀಪ ಹಾಕಿಲ್ಲ."

ಅವರು ಗುಂಡಿ ಒತ್ತಿದರು. ಗೋಡೆಯ ಮೇಲೆ ಬೆಳಕು ಬಿತ್ತು. ಅಕ್ಷರಗಳು ಈಗ ಬಂದವು, ಆದರೆ ಎಮೆಟ್‌ಗೆ ಕಂಡದ್ದು ಮೇಲಿನ ಒಂದು ದೊಡ್ಡ ಮಚ್ಚೆ, ಅದರ ಕೆಳಗೆ ಒಂದಿಷ್ಟು ಮಂಜು. ಬೇಸಿಗೆಯೆಲ್ಲ ಮೂಲೆಯಲ್ಲಿ ಕೂತು, ಊರಿನವರ ಬಾಯಲ್ಲಿ ಕೇಳಿ ಕೇಳಿ, ಅವನಿಗೆ ಆ ಅಕ್ಷರದ ಸಾಲೆಲ್ಲ ಪ್ರಾರ್ಥನೆಯ ಹಾಗೆ ಬಾಯಿಗೆ ಬಂದುಬಿಟ್ಟಿತ್ತು.

"ಸಮೀಪದೃಷ್ಟಿಯ ಲಕ್ಷಣ ಹೇಳು," ಎಂದರು ಡಾಕ್ಟರು.

"ದೂರದ ವಸ್ತು ಮಸುಕು, ಕಣ್ಣು ಕಿರಿದು ಮಾಡೋದು, ಗುರುತು ಹಿಡಿಯದೆ..." ಎಮೆಟ್ ಅಲ್ಲಿಗೇ ನಿಲ್ಲಿಸಿದ.

ಕನ್ನಡಕದ ನಂಬರು ಮೈನಸ್ ಎರಡೂವರೆ ಬಂತು. ಡಾಕ್ಟರು ಮೊದಲು ಗಾಡಿಯ ಕೀಲಿ ಕಸಿದುಕೊಂಡರು, ಆಮೇಲೆ ಒಳಗಿನ ಯಂತ್ರದಲ್ಲಿ ಗಾಜು ಕತ್ತರಿಸಿ ಸಂಜೆಗೆ ಕನ್ನಡಕ ಕೊಟ್ಟರು. ಹಾಕಿಕೊಂಡು ಎಮೆಟ್ ಸುತ್ತ ನೋಡಿದ. ಡಾಕ್ಟರ ಮುಖದ ತುಂಬ ಚುಕ್ಕೆಗಳಿದ್ದವು. ಗೋಡೆಯ ಗಡಿಯಾರಕ್ಕೆ ಮೂರನೇ ಮುಳ್ಳೂ ಒಂದಿತ್ತು. ತನ್ನ ಟೈ ಮೇಲೆ ಮೇ ತಿಂಗಳಿನಿಂದ ಸಾಸಿವೆ ಚಟ್ನಿಯ ಕಲೆಯಿತ್ತು.

"ಹಾಗಾದ್ರೆ ಪತ್ರ ಬರೀತೀರಲ್ಲ ಡಾಕ್ಟ್ರೇ? ನನಗೆ ಜಂಭ ಇಲ್ಲ ಅಂತ ಆಯ್ತಲ್ಲ!"

"ಜಂಭ ಇಲ್ಲ ಅಂತಷ್ಟೇ ಆಯ್ತು," ಎಂದರು ಡಾಕ್ಟರು. "ನನ್ನ ಚಿಂತೆ ಬೇರೆ. ಇಲ್ಲಿ ಕೂತು ಅಕ್ಷರ ಎಲ್ಲಾ ಬಾಯಿಪಾಠ ಮಾಡ್ದೆ. ಓದ್ತಾ ಕೂತಿದ್ದವರು ಒಬ್ಬರಾದ್ರೂ ನೆನಪಿದಾರಾ?"

ಎಮೆಟ್ ತುಂಬ ಯೋಚಿಸಿದ. ಅಕ್ಷರಗಳು ಮಾತ್ರ ನೆನಪಿಗೆ ಬಂದವು. "ಶನಿವಾರದ ತನಕ ಸಮಯ ಇದೆ," ಎಂದು ಹೇಳಿ ಡಾಕ್ಟರು ದೀಪ ಆರಿಸಿದರು.

ಡೋರೀನ್ ಸುಮ್ಮನಿರುವವಳೇ? ಮಗನ ಮಾನ ಉಳಿಸಲು ಮಾರನೇ ದಿನ ಊಟದ ಕೋಣೆಯಲ್ಲಿ ಪ್ರತಿ ತಟ್ಟೆಗೆ ಬಡಿಸುವಾಗಲೂ, "ನಮ್ಮ ಎಮೆಟ್‌ಗೆ ಕಣ್ಣೇ ಕಾಣ್ತಿರ್ಲಿಲ್ವಂತೆ ಪಾಪ" ಎಂದಳು. ಬೇಸಿಗೆ ಶಿಬಿರದ ಮಕ್ಕಳು ಅದನ್ನು ಮನೆಮನೆಗೂ ಒಯ್ದರು. ಬ್ರಾನಿಕ್ ಒಂದೇ ಹಗಲಿನಲ್ಲಿ ಪೂರ್ತಿ ಮನಸ್ಸು ಬದಲಿಸಿತು. ಗಸ್ ಬಂದು, ಮೊದಲೇ ಹೇಳಬಾರದಿತ್ತೇನೋ ಎಂದು ಬೈದು ಹೋದ. ಪಾದ್ರಿಗಳು ಕುರುಡನಿಗೆ ಕಣ್ಣು ಬಂದ ಅಧ್ಯಾಯವನ್ನು ಭಾನುವಾರಕ್ಕೆ ಆರಿಸಿಕೊಂಡರು. ಇಷ್ಟಕ್ಕೇ ನಿಲ್ಲಲಿಲ್ಲ. ತನಗೆ ಬೆರಳೆತ್ತದ ಪ್ರತಿಯೊಬ್ಬರ ಕಣ್ಣಿನ ಮೇಲೂ ಪ್ರತಿಯೊಬ್ಬರಿಗೂ ಅನುಮಾನ ಶುರುವಾಯಿತು. ಅತ್ತೆಯನ್ನು ಸೊಸೆ ಕರೆತಂದಳು, ಸೊಸೆಯನ್ನು ಅತ್ತೆ ಕೂರಿಸಿದಳು. ಡಾಕ್ಟರ ಬಾಗಿಲಲ್ಲಿ ಜನ ನಿಂತರು.

ಮಿಲೋ ಬೇಲಿಯ ಹತ್ತಿರ ಬಂದ. ಟೋಪಿ ಕೈಯಲ್ಲಿತ್ತು. ಎಮೆಟ್‌ಗೆ ಈ ಸಲ ಅವನ ಮುಖ ಪೂರ್ತಿ ಕಂಡಿತು. ರಾತ್ರಿ ನಿದ್ದೆ ಮಾಡಿದವನ ಹಾಗಿರಲಿಲ್ಲ.

"ಎಮೆಟ್, ನಿನಗಿದ್ದ ಕಾಯಿಲೆ... ಹೆಂಗಸರಿಗೂ ಬರತ್ತಾ?"

"ಬರತ್ತೆ."

"ವಯಸ್ಸಾದವರಿಗೆ? ಅಂದ್ರೆ, ಎಷ್ಟೋ ವರ್ಷದಿಂದ ಇದ್ದು, ಪಾಪ, ಅವರಿಗೇ ಗೊತ್ತಿಲ್ಲದೆ..."

"ಆಗ್ನೆಸ್ ಆಂಟಿ ಬಗ್ಗೆ ಕೇಳ್ತಿದೀರಾ?"

"ನಾನ್ಯಾಕೆ ಅವಳ ಬಗ್ಗೆ ಕೇಳ್ಲಿ?" ಎಂದು ಮಿಲೋ ರೇಗಿ, ಟೋಪಿ ತಲೆಗೆ ಒತ್ತಿಕೊಂಡು ಹೊರಟುಹೋದ.

ಶನಿವಾರ ಬಾಗಿಲು ಹಾಕುವ ಹೊತ್ತಿಗೆ, ಬೇರೆ ಯಾರೂ ಇಲ್ಲವೆಂದು ಎರಡು ಸಲ ಇಣುಕಿ ನೋಡಿ, ಆಗ್ನೆಸ್ ಒಳಗೆ ಬಂದಳು. ತೋಳಿಗೆ ಮೈದಾ ಹಿಟ್ಟು ಹತ್ತಿತ್ತು. ಕುರ್ಚಿಯಲ್ಲಿ ಕೂತು ಕೊನೆಯ ಸಾಲಿನವರೆಗೆ ಓದಿದಳು. ಅದರ ಕೆಳಗೆ ಮೂಲೆಯಲ್ಲಿದ್ದ, ಡಾಕ್ಟರೇ ಎಂದೂ ಓದದಿದ್ದ ಅಚ್ಚುಮನೆಯ ಹೆಸರನ್ನೂ ಓದಿದಳು.

"ನಿನ್ನ ಕಣ್ಣು ಬಹಳ ಚೆನ್ನಾಗಿದೆ ಆಗ್ನೆಸ್. ಏನೂ ಬೇಡ, ಹೋಗಿ ಬಾ," ಎಂದರು ಡಾಕ್ಟರು.

ಒಳ್ಳೆಯ ಸುದ್ದಿ ಕೇಳಿ ಆಗ್ನೆಸ್‌ಳ ಮುಖ ಬಾಡಿತು. "ಇನ್ನೊಂದ್ಸಲ ನೋಡಿ ಡಾಕ್ಟ್ರೇ. ಸರಿಯಾಗಿ ನೋಡಿ." ಮತ್ತೆ ದೀಪ ಹಾಕಿದರು. ಆಗ್ನೆಸ್ ಯೋಚಿಸಿ, "ಮೊದಲನೇ ಸಾಲಲ್ಲಿ ಒಂದು ಹಸು ಕಾಣತ್ತೆ" ಎಂದಳು.

"ಬೇಡದವರಿಗೆ ಕನ್ನಡಕ ಬರೆದು ಕೊಡೋಕಾಗಲ್ಲ ಆಗ್ನೆಸ್, ನನಗೆ ಮನೆಗೆ ಹೋಗ್ಬೇಕು," ಎಂದು ಡಾಕ್ಟರು ಎದ್ದು ಪಕ್ಕದ ಕೋಣೆಗೆ ಹೋದರು.

ಆಗ್ನೆಸ್ ಏಳಲಿಲ್ಲ. ಕೈಚೀಲದ ಹಿಡಿಯನ್ನು ತಿರುಚುತ್ತ ಕಿಟಕಿಯಾಚೆ ಬೀದಿ ನೋಡುತ್ತ ಕೂತಿದ್ದಳು. ಎಮೆಟ್ ಮೂಲೆಯಿಂದ ಅವಳನ್ನೇ ನೋಡಿದ. ಕಣ್ಣು ಇಷ್ಟು ಚೆನ್ನಾಗಿರುವವಳು ಯಾಕೆ ಅಳುವ ಹಾಗಿದ್ದಾಳೆ? ಬೇಲಿಯ ಹತ್ತಿರ ಟೋಪಿ ಹಿಡಿದು ನಿಂತವನ ಮುಖವೂ ಹೀಗೇ ಇತ್ತು. ಅವನು ಎದ್ದು ಹೊರಗಿನ ಕಪಾಟಿನ ಹತ್ತಿರ ಹೋದ.

"ಆಗ್ನೆಸ್ ಆಂಟಿ, ಇಲ್ಲಿ ಬನ್ನಿ. ಇವು ಬರೀ ಗಾಜು, ಧೂಳಿಗೆ ಅಂತ ಇಟ್ಟಿರೋದು. ಇದಕ್ಕೆ ಡಾಕ್ಟ್ರು ಏನೂ ಬರೀಬೇಕಿಲ್ಲ."

ಆಗ್ನೆಸ್ ಒಂದು ತೆಳ್ಳನೆಯ ತಂತಿ ಕನ್ನಡಕ ಎತ್ತಿಕೊಂಡಳು.

"ಅದು ಬೇಡ," ಎಂದ ಎಮೆಟ್, "ಈ ಕೆಂಪು ದಪ್ಪದ್ದು ತಗೊಳ್ಳಿ. ಎದುರು ಗಾಡಿಯವರಿಗೂ ಕಾಣತ್ತೆ."

ಆಗ್ನೆಸ್ ಅವನನ್ನು ದುರುಗುಟ್ಟಿ ನೋಡಿದಳು. "ಯಾಕೆ ಬೇಕು ಅಂತ ನಾನೇನೂ ಹೇಳಲ್ಲ."

"ನಾನು ಕೇಳೇ ಇಲ್ವಲ್ಲ ಆಂಟಿ."

ಅವಳು ಕೆಂಪು ಕನ್ನಡಕ ಹಾಕಿಕೊಂಡು, ಕನ್ನಡಿಯಲ್ಲಿ ತನ್ನನ್ನು ನೋಡಿ ಮೂಗು ಮುರಿದು, ತಲೆಯೆತ್ತಿ ಹೊರಗೆ ನಡೆದಳು. ಎಮೆಟ್ ತಿರುಗಿದರೆ ಬಾಗಿಲಲ್ಲಿ ಡಾಕ್ಟರು ನಿಂತಿದ್ದರು.

"ಅವಳ ಕಣ್ಣಿಗೇನೂ ಆಗಿಲ್ಲ ಅಂತ ಹೇಳಿದ್ನಲ್ಲ?"

"ಅದು ಕಣ್ಣಿಗಲ್ಲ ಡಾಕ್ಟ್ರೇ, ಬೆರಳಿಗೆ. ಇಷ್ಟು ವರ್ಷ ಕಾಣ್ತಿರ್ಲಿಲ್ಲ ಅಂತ ಅಂದ್ಬಿಟ್ರೆ, ನಾಳೆಯಿಂದ ಎತ್ಬಹುದಲ್ಲ."

ಡಾಕ್ಟರು ಮೇಜಿನ ಹತ್ತಿರ ಹೋಗಿ ಕಂಪ್ಯೂಟರ್ ಎಳೆದುಕೊಂಡು ಕೂತು ಬರೆಯತೊಡಗಿದರು. ಏನು ಬರೆಯುತ್ತಿದ್ದಾರೆಂದು ಕೇಳಲು ಎಮೆಟ್‌ಗೆ ಧೈರ್ಯ ಸಾಲಲಿಲ್ಲ.

ಕೊನೆಯ ಸಾಲಿಗೆ ಮಾತು ಸಿಗದೆ ಡಾಕ್ಟರು ಗಲ್ಲ ಕೆರೆದುಕೊಳ್ಳುತ್ತಿದ್ದಾಗ ಬೀದಿಯಲ್ಲಿ ದಡಾರೆಂದು ಸದ್ದಾಯಿತು. ಇಬ್ಬರೂ ಕಿಟಕಿಗೆ ಓಡಿದರು. ಆಗ್ನೆಸ್‌ಳ ಗಾಡಿ ಹೊರಟಿದ್ದೂ ಮಿಲೋನ ಪಿಕಪ್ ಎದುರಿಗೆ ಬಂದದ್ದೂ ಒಟ್ಟಿಗೇ ಆಗಿತ್ತು. ಮಿಲೋ ಎಂದಿನಂತೆ ಬೆರಳೆತ್ತಿದ್ದ. ಆಗ್ನೆಸ್ ಕೂಡ ಎತ್ತಿದ್ದಳು. ಅದನ್ನು ಕಂಡ ಮಿಲೋ ಎರಡೂ ಕೈಯನ್ನು ಸ್ಟೇರಿಂಗ್‌ನಿಂದ ತೆಗೆದುಬಿಟ್ಟಿದ್ದ. ಪಿಕಪ್ ಕಾಲುದಾರಿ ಹತ್ತಿ, ಡಾಕ್ಟರ ಬಾಗಿಲ ಮುಂದಿನ ಹೂವಿನ ತೊಟ್ಟಿಗೆ ಗುದ್ದಿ ನಿಂತಿತ್ತು. ಮಿಲೋಗೆ ಏನೂ ಆಗಿರಲಿಲ್ಲ. ಬಾಯಿ ತೆರೆದುಕೊಂಡು, ಮಣ್ಣಿನ ರಾಶಿಯ ಮುಂದೆ ಕೂತಿದ್ದ.

ಆಗ್ನೆಸ್ ಗಾಡಿ ಹಿಂದಕ್ಕೆ ತಂದು ಅವನ ಪಕ್ಕ ನಿಲ್ಲಿಸಿ ಗಾಜು ಇಳಿಸಿದಳು. ಅಣ್ಣನೊಡನೆ ಅಷ್ಟು ವರ್ಷಗಳ ಮೇಲೆ ಅವಳ ಮೊದಲ ಮಾತು ಊರಿಗೆಲ್ಲ ಕೇಳಿಸಿತು.

"ಏನೋ ಮಿಲೋ, ನಿಂಗೂ ಕಣ್ಣು ಕಾಣಲ್ವೇನೋ? ಒಳಗೆ ಡೋರೀನ್ ಮಗ ಇದಾನೆ, ಹೋಗಿ ತೋರ್ಸ್ಕೋ. ಜನರನ್ನ ಚೆನ್ನಾಗಿ ನೋಡ್ತಾನೆ!"

ಡಾಕ್ಟರು ಮೇಜಿಗೆ ಹಿಂದಿರುಗಿ, ಪತ್ರದ ಕೊನೆಗೆ ಅದನ್ನೇ ಬರೆದು ಕಳಿಸಿದರು.